ಹಸಿರು ಬಳಿದ ಕ್ಯಾನ್ಸಸ್

ಫಿಲಡೆಲ್ಫಿಯಾ
ಆಗಸ್ಟ್ 4, 1856

ನನ್ನ ಪ್ರೀತಿಯ ಜೊಸಾಯ ಅವರಿಗೆ,

ನಿಮ್ಮ ಕೆಮ್ಮು ಹೇಗಿದೆ ರೀ? ಸೇಂಟ್ ಲೂಯಿಸ್‌ನ ಆ ವಸತಿಗೃಹದಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುತ್ತಾರಾ? ನಿಮ್ಮಮ್ಮ ಚೆನ್ನಾಗಿದ್ದಾರೆ. ನನಗೆ ಮಾತ್ರ ಎರಡು ದಿನದಿಂದ ನಿಮ್ಮದೇ ಚಿಂತೆ.

ನಮ್ಮ ನಕ್ಷೆ ಕಾರ್ಖಾನೆಯ ಪದ್ಧತಿ ನಿಮಗೆ ಗೊತ್ತಲ್ಲ. ಉದ್ದ ಮೇಜು, ಒಬ್ಬೊಬ್ಬಳ ಮುಂದೆ ಒಂದೊಂದೇ ಬಣ್ಣದ ತಟ್ಟೆ. ಹಾಳೆ ಕೈಯಿಂದ ಕೈಗೆ ದಾಟುತ್ತದೆ. ಆರು ವರ್ಷದಿಂದ ನಾನು ಹಸಿರಿನವಳು. ನನ್ನ ಪಾಲಿನ ರಾಜ್ಯಗಳಿಗೆ ಬಳಿದು ಪಕ್ಕಕ್ಕೆ ತಳ್ಳುವುದು, ಅಷ್ಟೇ. ನೀವು ಊರೂರಿಗೆ ಒಯ್ದು ಮಾರಲೆಂದು ಹನ್ನೆರಡು ಮಿಸೌರಿ ನಕ್ಷೆಗಳನ್ನು ಮನೆಯಲ್ಲಿ ಒಬ್ಬಳೇ ಕೂತು ಮುಗಿಸಿದೆನಲ್ಲ, ಎಂಥಾ ಜಂಬ ನನಗೆ! ಮಿಸೌರಿಗೆ ಗುಲಾಬಿ, ಪಕ್ಕದ ಇಲಿನಾಯ್, ಅಯೋವಾಗಳಿಗೆ ಹಸಿರು. ಕ್ಯಾನ್ಸಸ್‌ಗೆ ಗೆಳತಿ ಲೊವಿನಾಳ ಹಳದಿ ಬೀಳಬೇಕಿತ್ತು. ತಟ್ಟೆಯಲ್ಲಿ ಹಸಿರು ಉಳಿದಿತ್ತು, ಅಭ್ಯಾಸಬಲ, ಹನ್ನೆರಡರಲ್ಲೂ ಕ್ಯಾನ್ಸಸ್‌ಗೆ ಅದನ್ನೇ ಬಳಿದುಬಿಟ್ಟೆ.

ಶನಿವಾರ ಲೊವಿನಾಗೆ ಹೇಳಿಕೊಂಡು ನಕ್ಕೆ. ಅವಳು ನಗಲಿಲ್ಲ. "ಅಯ್ಯೋ ಪೆದ್ದಿ, ಪೇಪರ್ ಓದಲ್ವೇನೇ? ಗುಲಾಮರನ್ನ ಇಟ್ಕೊಳ್ಳಲ್ಲ ಅನ್ನೋ ರಾಜ್ಯಗಳಿಗೆ ಹಸಿರು, ಕ್ಯಾನ್ಸಸ್‌ಗೂ ಅದೇ ಹಸಿರು! ಕ್ಯಾನ್ಸಸ್ ಯಾವ ಕಡೆ ಸೇರ್ಬೇಕು ಅಂತಾನೇ ಅಲ್ಲಿ ತಲೆ ಒಡೀತಿರೋದು. ಗುಲಾಮರನ್ನ ಇಟ್ಕೊಂಡಿರೋ ಮಿಸೌರಿಯೋರು ನದಿ ಹಡಗು ಹತ್ತಿ ಪೆಟ್ಟಿಗೆ ಬಿಚ್ಚಿಸಿ ನೋಡ್ತಿದಾರಂತೆ. ನಿನ್ ಗಂಡ ಅದನ್ನ ಹೊತ್ಕೊಂಡು ಅವರ ನಡುವೆನೇ ಹೋಗ್ತಿದಾನಲ್ಲೇ!"

ಯಾರಾದರೂ ಬಾಗಿಲು ತಟ್ಟಿದರೆ ನಿಮ್ಮ ಸುದ್ದಿಯೇ ಎಂದು ಓಡುತ್ತೇನೆ ರೀ. ಬಣ್ಣ ಬಳಿಯುವವಳ ಕೈತಪ್ಪು ಎಂದರೆ ಬಂದೂಕು ಹಿಡಿದವರು ನಂಬುತ್ತಾರಾ? ಹನ್ನೆರಡನೇ ತಾರೀಖು ನೀವು ಹಡಗು ಹತ್ತುತ್ತೀರಿ. ಅದಕ್ಕೆ ಮುಂಚೆ ಈ ಕಾಗದ ನಿಮ್ಮ ಕೈ ಸೇರಲಿ, ದೇವರೇ. ಒರೆಸಲು ಹೋಗಬೇಡಿ, ಹಸಿರು ಕಾಗದಕ್ಕೆ ಇಳಿದುಬಿಟ್ಟಿದೆ. ನಕ್ಷೆಗಳ ಸುರುಳಿಯನ್ನು ಇಡಿಯಾಗಿ ಒಲೆಗೆ ಹಾಕಿ.

ನಿಮ್ಮಮ್ಮನಿಗೆ ಏನೂ ಹೇಳಿಲ್ಲ. ಮಗನಿಗೆ ಆಶೀರ್ವಾದ ಬರಿ ಎಂದರು, ಬರೆದಿದ್ದೇನೆ.

ನಿಮ್ಮ ದಾರಿ ಕಾಯುತ್ತಿರುವ
ಟಬಿತಾ

ಮರೆತಿದ್ದೆ: ಲೊವಿನಾಗೂ ಹೇಳದ್ದು ಒಂದಿದೆ. ಎಲ್ಲಕ್ಕಿಂತ ಒಳಗಿನ ಹಾಳೆಯಲ್ಲಿ, ಕ್ಯಾನ್ಸಸ್‌ನಲ್ಲಿ ನದಿ ತಿರುಗುವ ಕಡೆ, ಪೆನ್ಸಿಲ್‌ನಿಂದ ಪುಟ್ಟದೊಂದು ಮನೆ ಬರೆದು ಕೆಳಗೆ ನಮ್ಮಿಬ್ಬರ ಹೆಸರು ಹಾಕಿದ್ದೇನೆ. ಒಂದು ದಿನ ಅಲ್ಲಿ ಜಮೀನು ಮಾಡೋಣ ಎಂದಿದ್ದಿರಲ್ಲ, ನೀವು ನೋಡಿ ನಗಲಿ ಅಂತ. ಹಸಿರು ಕ್ಯಾನ್ಸಸ್‌ನಲ್ಲಿ ನಮ್ಮ ಹೆಸರಿನ ಮನೆ ಕಂಡರೆ ಕೈತಪ್ಪು ಎಂದು ಯಾರೂ ನಂಬುವುದಿಲ್ಲ. ಅದೊಂದನ್ನು ಇಟ್ಟುಕೊಳ್ಳೋಣ ಎಂದು ನಿಮಗೆ ಅನ್ನಿಸುತ್ತದೆ, ನಿಮ್ಮನ್ನು ನಾನು ಬಲ್ಲೆ. ಮೊದಲು ಅದನ್ನೇ ಸುಡಿ.