ವರದಾ ಹೊಳೆಯಲ್ಲಿ ಹೇಳಿದ ಸುಳ್ಳು

ಡಿಸೆಂಬರ್ 28, ಭಾನುವಾರ

ಇವರ ಮೇಲಿನ ಸಿಟ್ಟು ಹೇಗೋ ಇಳಿದೀತು, ನನ್ನ ಮೇಲಿನದು ಇಳಿಯುತ್ತಿಲ್ಲ.

ಬೆಳಿಗ್ಗೆ ಚಳಿಯಲ್ಲೇ ಇವರ ಗೆಳೆಯ ಚಂದ್ರಶೇಖರ್, ಅವರ ಹೆಂಡತಿ ಚೈತ್ರಶ್ರೀ, ನಾವಿಬ್ಬರು ವರದಾ ಹೊಳೆಯಲ್ಲಿ ದೋಣಿ ಸುತ್ತಾಟಕ್ಕೆ ಹೋದೆವು. ಹುಟ್ಟು ಹಾಕಲು ಕೂತವರು ಇವರೇ. "ನಮ್ಮನೆಯೋಳಿಗೆ ನೀರಂದ್ರೆ ಭಯ ಕಣ್ರೀ" ಎಂದು ಎಲ್ಲರನ್ನೂ ನಗಿಸಿದರು.

ನಡುಹೊಳೆಯಲ್ಲಿ ದೋಣಿ ಗಿರ್ರನೆ ತಿರುಗತೊಡಗಿತು. ಚೈತ್ರಶ್ರೀ ಚೀರಿಕೊಂಡರು. ನಾನು ಇವರ ಕೈಯಿಂದ ಹುಟ್ಟು ಕಿತ್ತುಕೊಂಡೆ. ಹುಟ್ಟು ಬಿಟ್ಟು ಮೂವತ್ತು ವರ್ಷವಾದರೂ ತೋಳು ಮರೆತಿರಲಿಲ್ಲ. ಸೇತುವೆ ಆಗುವವರೆಗೂ ಅಪ್ಪ ಇದೇ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದ. ಹತ್ತು ವರ್ಷಕ್ಕೇ ನನಗೂ ಕಲಿಸಿದ್ದ. ದೋಣಿಯನ್ನು ನೆಟ್ಟಗೆ ದಡಕ್ಕೆ ತಂದೆ.

"ಎಲ್ಲಿ ಕಲಿತ್ರಿ ಅಕ್ಕಾ ಇದನ್ನ?" ಚೈತ್ರಶ್ರೀ ದೋಣಿಯಿಂದ ಇಳಿಯುತ್ತಲೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಇವರೆಂದರು: "ಕಾಲೇಜಿನ ಕ್ಯಾಂಪ್‌ನಲ್ಲಿ."

ಮದುವೆಯಾದಾಗಿನಿಂದ ಗೆಳೆಯರಿಗೆಲ್ಲ ನನ್ನಪ್ಪ ಸೊರಬದ ಅಡಿಕೆ ವ್ಯಾಪಾರಿ ಎಂದೇ ಹೇಳಿಟ್ಟಿದ್ದಾರೆ. ಅಪ್ಪ ಬದುಕಿದ್ದ ತನಕ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ.

ಚೈತ್ರಶ್ರೀ ನನ್ನ ಮುಖವನ್ನೇ ನೋಡುತ್ತಿದ್ದರು. ಒದ್ದೆ ಹುಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು.

"ಹೌದು, ಕ್ಯಾಂಪ್‌ನಲ್ಲೇ" ಅಂದೆ.