ಮೆಹತಾಬಳ ಅಂಟಿನುಂಡಿ

6 ಆಗಸ್ಟ್ 1974, ಮಂಗಳವಾರ. ಸೇಡಂ. ಸಂಜೆ.

ಕುರಕುಂಟಾ ಭೇಟಿ ಮುಗಿಯಿತು. ಬಸ್ಸು ಎಂದಿನಂತೆ ತಡ. ಸೀರೆಗೆಲ್ಲ ತುಪ್ಪದ ವಾಸನೆ, ಕಂಡಕ್ಟರ್ ಸಹ ಕೇಳಿದ — "ಯಾರ ಮನ್ಯಾಗ ಬಾಣಂತನ ಅದ, ಅಕ್ಕೋರ?" ನಮ್ಮ ಮಹಿಳಾ ಮಂಡಲದಲ್ಲಿ ಎಂದೆ. ನಕ್ಕು ಟಿಕೆಟ್ ಹರಿದ.

ಮೆಹತಾಬ್ ಗಿಡದ ಅಂಟು ಹುರಿಯುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ಕಾದ ತುಪ್ಪಕ್ಕೆ ಕಲ್ಲಿನಂಥ ಹರಳು ಬೀಳುತ್ತದೆ, ಅರಳಿ ಚುರುಮುರಿಯಷ್ಟು ಹಗುರಾಗಿ ಮೇಲೇಳುತ್ತದೆ. ಅದಕ್ಕೆ ಕೊಬ್ಬರಿ, ಉತ್ತತ್ತಿ, ಅಳವಿ ಬೀಜ, ಬೆಲ್ಲ. ಅವಳ ಅಜ್ಜಿ ಬಿಬಿಜಾನ್ ಊರಿನ ಸೂಲಗಿತ್ತಿ. ಹೆರಿಗೆ ಮಾಡಿಸಿದ ಮನೆಗೆಲ್ಲ ಈ ಉಂಡಿ ಕಟ್ಟಿಕೊಟ್ಟವಳು. ಮೊಮ್ಮಗಳ ಕೈ ಅಜ್ಜಿಯ ಕೈಯನ್ನೂ ಮೀರಿಸುತ್ತಿದೆ. ಮೆಟ್ರಿಕ್ ಪಾಸಾದ ಹುಡುಗಿ, ಮುಂದೆ ಓದಿಸುವವರಿಲ್ಲ. ಇವಳಿಗೆ ತನ್ನದೇ ಹೆಸರಿನ ಒಂದು ಉದ್ಯೋಗ ಆಗಬೇಕು. ನಾನು ನಿವೃತ್ತಳಾಗುವುದರೊಳಗೆ ಅಷ್ಟು ಕಂಡರೆ ಇಲಾಖೆಯ ಮುಖ್ಯಸೇವಿಕೆಯಾಗಿ ಊರೂರು ತಿರುಗಿ ದುಡಿದದ್ದು ಸಾರ್ಥಕ.

ಕೊಬ್ಬರಿ ತುರಿಯುವ ಸುಂದರಬಾಯಿಗೆ ಕೈಗಿಂತ ಬಾಯಿ ಚುರುಕು. "ಅಕ್ಕೋರ, ನನ್ನ ಮದವಿ ಆದಕೂಡ್ಲೇ ನನಗೂ ಇವೇ ಉಂಡಿ. ಗಂಡ ಆಮ್ಯಾಲ ನೋಡೋಣು."

ಇನ್ನೊಂದು ಸಂತೋಷ. ಮೆಹತಾಬಳ ಬಳಿ ಹಂಚಲು ಇಟ್ಟಿದ್ದ ಕಬ್ಬಿಣಾಂಶದ ಗುಳಿಗೆಯ ಡಬ್ಬಿ ಖಾಲಿಯಾಗಿದೆ. ಹೋದ ವರ್ಷ ಇದೇ ಗುಳಿಗೆಗಳು ಬಾವಿಕಟ್ಟೆಯ ಸಂದಿಯಲ್ಲಿ ಸಿಕ್ಕಿದ್ದವು. ಬಾಣಂತಿಯರು ಕೊನೆಗೂ ನುಂಗಲು ಕಲಿತರು ಎಂದು ಸೇಡಂ ದವಾಖಾನೆಯ ಡಾಕ್ಟರರಿಗೆ ಹೇಳಿದೆ. ಹೊಸ ಡಬ್ಬಿ ಕೊಟ್ಟರು.

20 ಆಗಸ್ಟ್, ಮಂಗಳವಾರ.

ಮನಸ್ಸು ಕಹಿ. ಸೇಡಂ ಬಜಾರದ ಅಂಗಡಿಯಲ್ಲಿ ನಮ್ಮ ಉಂಡಿಯ ಪೊಟ್ಟಣಗಳ ಮಾರಾಟ ನಿಂತಿತು.

ಫುಡ್ ಇನ್ಸ್‌ಪೆಕ್ಟರ್ ನರಸಪ್ಪನವರು ಬಂದಿದ್ದರು. ಪೊಟ್ಟಣದ ಚೀಟಿಯನ್ನು ಕನ್ನಡಕ ಏರಿಸಿ, ಇಳಿಸಿ, ಎರಡು ಸಲ ಓದಿದರು. 'ರಕ್ತ ಹೆಚ್ಚಿಸುತ್ತದೆ, ನಿಶ್ಶಕ್ತಿ ನೀಗುತ್ತದೆ.' ಬರೆದವಳು ನಾನೇ. ಪ್ರೆಸ್ಸಿನವನಿಗೆ ದಪ್ಪಕ್ಷರ ಹಾಕೆಂದು ಹೇಳಿದವಳೂ ನಾನೇ.

"ಮಹಾದೇವಮ್ಮಾರ, ಇದು ತಿನ್ನೂದೋ, ಔಷಧನೋ?"

"ಉಂಡಿ ರೀ."

"ಉಂಡಿ ಅಂದ್ರ ನಂದು. ರಕ್ತ ಹೆಚ್ಚಸ್ತದ ಅಂದ್ರ ಔಷಧ. ಅದು ಗುಲ್ಬರ್ಗಾದ ಸಾಹೇಬ್ರದು. ಎರಡೂ ಅಂದ್ರ ಇಬ್ರೂ ನಿಮ್ಮನಿಗಿ ಬರ್ತೀವಿ. ಚಹಾಕ್ಕ ಹಾಲು ಜಾಸ್ತಿ ತರಸ್ರಿ."

ಬಾಣಂತಿಯ ಬಾಯಿಂದ ಉಂಡಿ ಕಸಿಯುವುದು ಯಾವ ಕಾನೂನು ಎಂದು ಕೇಳಿದೆ. ಸಿಟ್ಟಾಗಲಿಲ್ಲ. ಮೆಹತಾಬಳ ಹೆಸರಿಗೆ ಆಹಾರದ ಲೈಸೆನ್ಸ್ ಕೇಳಿರಿ, ಚೀಟಿಯ ಮೇಲೆ ಒಳಗಿರುವುದನ್ನಷ್ಟೇ ಬರೆಯಿರಿ, ಸೆಪ್ಟೆಂಬರ್ 27ಕ್ಕೆ ಅಡುಗೆಯ ಜಾಗ ನೋಡಲು ಬರುತ್ತೇನೆ, ಅಲ್ಲಿಯವರೆಗೆ ಮಾರಬೇಡಿರಿ ಎಂದರು. ನ್ಯಾಯವಾದ ಮಾತು. ಆದರೂ ಕಹಿ.

3 ಸೆಪ್ಟೆಂಬರ್, ಮಂಗಳವಾರ.

ಮಾರಾಟ ನಿಂತರೂ ಒಲೆ ಆರಿಲ್ಲ. ಊರಿನ ಹೆಂಗಸರು ಮೊದಲಿನಂತೆಯೇ ತಮ್ಮ ತಮ್ಮ ತುಪ್ಪ-ಬೆಲ್ಲ ತಂದು ಕೊಡುತ್ತಾರೆ, ಮೆಹತಾಬ್ ಕಟ್ಟಿಕೊಡುತ್ತಾಳೆ. ಇದಕ್ಕೆ ಯಾರ ಅಡ್ಡಿಯೂ ಇಲ್ಲ. ಭೀಮಮ್ಮನ ಎರಡನೆಯ ಬಾಣಂತನ. ಹೆರಿಗೆಯಲ್ಲಿ ರಕ್ತ ಬಹಳ ಹೋಗಿ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿದ್ದಳು. ಅವಳಿಗೂ ಒಂದು ಡಬ್ಬಿ ಉಂಡಿ ಹೋಯಿತು.

ಹೊಸ ಚೀಟಿ ಬರೆದೆವು. ಅಂಟು, ಕೊಬ್ಬರಿ, ಉತ್ತತ್ತಿ, ಅಳವಿ, ಬೆಲ್ಲ, ತುಪ್ಪ. ಸುಂದರಬಾಯಿ — "ಮೆಹತಾಬ ಬೈದಿದ್ದೂ ಬರೀರಿ ಅಕ್ಕೋರ, ಅದೂ ಒಳಗ ಅದ."

ಮೆಹತಾಬ್ ನಗಲಿಲ್ಲ. "ರಕ್ತ ಹೆಚ್ಚಸ್ತದ ಅನ್ನೂದು ಸುಳ್ಳಂತ ತಗದ್ರಿ. ಖರೆ ಇದ್ರೂ ತಗೀಬೇಕೇನ್ರಿ?"

ಎಷ್ಟು ಚೂಪಾದ ಪ್ರಶ್ನೆ. ಖರೆ ಎಂದು ತೋರಿಸುವವರೆಗೂ ಬರೆಯಬಾರದು ಎಂದೆ. ತಲೆಯಾಡಿಸಿ ಒರಳಿನ ಕಡೆ ತಿರುಗಿದಳು.

24 ಸೆಪ್ಟೆಂಬರ್, ಮಂಗಳವಾರ. ಸಂಜೆ.

ಬರೆಯಲು ಕೈ ಹಿಂಜರಿಯುತ್ತಿದೆ.

ರಮಜಾನ್ ನಡೆದಿದೆ. ಮೆಹತಾಬಳಿಗೆ ರೋಜಾ, ರುಚಿ ನೋಡುವಂತಿಲ್ಲ. ಬಿಬಿಜಾನಳಿಗೂ ಇಲ್ಲ. ಸುಂದರಬಾಯಿ ತಾಟಿನಿಂದ ಒಂದು ಎತ್ತಿ ನನ್ನ ಕೈಗಿಟ್ಟಳು — "ನೀವೇ ನೋಡ್ರಿ ಅಕ್ಕೋರ, ಬೆಲ್ಲ ಬರೋಬರಿ ಅದ ಏನು."

"ಆ ತಾಟಿಂದು ಬ್ಯಾಡ," ಎಂದಳು ಮೆಹತಾಬ್. ತಡವಾಗಿತ್ತು. ಮೊದಲು ಬೆಲ್ಲ, ಆಮೇಲೆ ಕೊಬ್ಬರಿ, ಕೊನೆಯಲ್ಲಿ ತುಕ್ಕು ಹಿಡಿದ ಕೊಡದ ನೀರಿನ ರುಚಿ. ಹಿಂದೊಮ್ಮೆ ಜ್ವರ ಬಿಟ್ಟ ಮೇಲೆ ನಾನೂ ಆ ಕಬ್ಬಿಣಾಂಶದ ಗುಳಿಗೆ ತಿಂದವಳು. ನಾಲಗೆ ಮರೆಯಲಿಲ್ಲ.

ಸುಂದರಬಾಯಿಯನ್ನು ನೀರಿಗೆ ಕಳಿಸಿದೆ. ಮೆಹತಾಬ್ ತಾನೇ ಹೇಳಿದಳು.

"ಗುಳಿಗಿ ಕೊಟ್ರ ಕೋಳಿ ಮುಂದ ಒಗೀತಾರ. ಉಂಡಿ ಅಂದ್ರ ಕಣ್ಣಿಗೊತ್ತಿಕೊಂಡು ತಿಂತಾರ. ಅದಕ್ಕ ಕುಟ್ಟಿ ಹಾಕೀನಿ. ಭೀಮಮ್ಮಗ ನೋಡ್ರಿ ಹೋಗಿ, ಕಣ್ಣಿನ ರೆಪ್ಪಿ ಒಳಗ ಕೆಂಪಾಗ್ಯಾದ. ನೀವೇ ನೋಡಲಿಕ್ಕ ಕಲಿಸಿದ್ರಿ."

ಖಾಲಿ ಡಬ್ಬಿಯ ಗುಟ್ಟು ಇದು. ನಾನು ಡಾಕ್ಟರರ ಮುಂದೆ ಬೀಗಿದ್ದು ಇದಕ್ಕೆ.

ಬೈಯಬೇಕಿತ್ತು, ಬೈದೆ. ಇನ್ನು ಮುಂದೆ ಕೂಡದು ಎಂದು ಮಾತು ತೆಗೆದುಕೊಂಡೆ. ಶುಕ್ರವಾರ ನರಸಪ್ಪನವರು ಬರುತ್ತಾರೆ, ಗುಳಿಗೆ ಹಾಕದೆ ಹೊಸದಾಗಿ ಕಟ್ಟಿದ ಉಂಡಿ ಇಡು, ಲೈಸೆನ್ಸ್ ಹೋದರೆ ಎಲ್ಲವೂ ಹೋಯಿತು ಎಂದೆ. ಆದರೆ ಬಸ್ಸಿನಲ್ಲಿ ಕುಳಿತು ಒಬ್ಬಳೇ ಮುಗುಳ್ನಕ್ಕೆ. ಇಲಾಖೆಗೆ ವರ್ಷಗಟ್ಟಲೆ ಆಗದ ಕೆಲಸ ಹುಡುಗಿ ಒರಳಿನಲ್ಲಿ ಕುಟ್ಟಿ ಮುಗಿಸಿದ್ದಾಳೆ. ಮನೆ ಮನೆಗೆ ಹೋಗಿರುವ ಉಂಡಿ ಡಬ್ಬಿಗಳ ಬಗ್ಗೆ... ಹೋದದ್ದು ಹೋಯಿತು, ತಿಂದು ಮುಗಿಸಲಿ ಎಂದುಕೊಂಡೆ.

26 ಸೆಪ್ಟೆಂಬರ್, ಗುರುವಾರ. ಸೇಡಂ ದವಾಖಾನೆಯ ಕಟ್ಟೆ. ಮಧ್ಯಾಹ್ನ.

ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲಾರೆ.

ಭೀಮಮ್ಮನ ಹಿರಿಯ ಮಗ ಖಂಡ್ಯಾ ಒಳಗಿದ್ದಾನೆ. ನಾಲ್ಕು ವರ್ಷದವನು. ಬೆಳಗಿನಿಂದ ವಾಂತಿ, ಹೊಟ್ಟೆನೋವು, ಕಪ್ಪು ಭೇದಿ.

ಬಾಣಂತಿ ಉಂಡಿ ತಿನ್ನುವಾಗ ಮಗು ಎದುರು ಬಂದರೆ ಒಂದು ತುಣುಕು ಅದರ ಕೈಗಿಡಬೇಕು. ಮಕ್ಕಳ ಕಣ್ಣೆದುರು ಒಬ್ಬಳೇ ತಿನ್ನಬಾರದು. ಈ ಊರುಗಳಲ್ಲಿ ಎಲ್ಲರೂ ಪಾಲಿಸುವ ರೂಢಿ; ನನ್ನ ತಾಯಿಯೂ ಹಾಗೇ ಕೊಡುತ್ತಿದ್ದಳು. ಖಂಡ್ಯಾನಿಗೆ ದಿನವೂ ತುಣುಕು ಸಿಕ್ಕಿದೆ, ರುಚಿ ಹತ್ತಿದೆ. ಇಂದು ಬೆಳಿಗ್ಗೆ ತಾಯಿ ಕೂಸಿಗೆ ನೀರು ಹಾಕುವಾಗ ಡಬ್ಬಿ ಇಳಿಸಿಕೊಂಡು ಒಂದಾದ ಮೇಲೊಂದು ತಿಂದಿದ್ದಾನೆ.

ಇಷ್ಟೆಲ್ಲ ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಮೆಹತಾಬಳಿಗೂ ಹೊಳೆಯಲಿಲ್ಲ. ನಾವು ತಾಯಿಯನ್ನಷ್ಟೇ ನೋಡುತ್ತಿದ್ದೆವು.

ಮಗುವನ್ನು ಹೊತ್ತು ತಂದವಳು ಮೆಹತಾಬಳೇ. ನಾನು ಬರುವ ಮೊದಲೇ ಡಾಕ್ಟರರಿಗೆ ಗುಳಿಗೆಯ ಹೆಸರು, ಹಾಕಿದ ಪ್ರಮಾಣ, ಎಲ್ಲ ಹೇಳಿಬಿಟ್ಟಿದ್ದಳು. ಗೊತ್ತಾದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಬರೀ ಅಜೀರ್ಣ ಎನ್ನುತ್ತಿದ್ದೆ ಎಂದರಂತೆ. ಹೊಟ್ಟೆ ತೊಳೆದಿದ್ದಾರೆ. ಸಲೈನ್ ಏರಿಸಿದ್ದಾರೆ. ನಾಳೆಯವರೆಗೆ ಏನೂ ಹೇಳಲಾಗದು.

ಭೀಮಮ್ಮ ನಮಗೆ ಬೆನ್ನು ಮಾಡಿ ಕೂಸನ್ನು ಎದೆಗವಚಿಕೊಂಡಿದ್ದಾಳೆ. ಮೆಹತಾಬ್ ಅವಳಿಂದ ದೂರ, ಗೋಡೆಗೆ ಒರಗಿ ಕುಳಿತಿದ್ದಾಳೆ. ಕರೆದೆ.

"ಅಕ್ಕೋರ, ನಾಳೆ ಲೈಸೆನ್ಸ್ ಬ್ಯಾಡ. ಆ ಪೋರ ಎದ್ದು ಕುಂತ್ರ ಸಾಕು."

27 ಸೆಪ್ಟೆಂಬರ್, ಶುಕ್ರವಾರ. ಸಂಜೆ.

ಖಂಡ್ಯಾ ಎದ್ದು ಕುಳಿತ. ಬೆಳಿಗ್ಗೆ ಗಂಜಿ ಕುಡಿದು, ನರ್ಸಮ್ಮನ ಗಡಿಯಾರ ಬೇಕೆಂದು ಅತ್ತನಂತೆ. ಅಪಾಯ ಕಳೆಯಿತು ಎಂದರು ಡಾಕ್ಟರ್.

ಮೊದಲ ಬಸ್ಸಿಗೆ ಕುರಕುಂಟಾ. ಉಂಡಿ ಕೊಟ್ಟ ಮನೆಗಳಿಗೆಲ್ಲ ಹೋಗಿ ವಾಪಸ್ ತರಬೇಕು. ಹುಳ ಬಿದ್ದಿದೆ ಎಂದರೆ ಸಾಕು, ಕೊಟ್ಟುಬಿಡುತ್ತಾರೆ ಎಂದಳು ಸುಂದರಬಾಯಿ. ನನಗೂ ಆ ಮಾತು ಒಂದು ಗಳಿಗೆ ಹಿತವಾಗಿ ಕೇಳಿಸಿತು. ಮೆಹತಾಬ್ ಒಪ್ಪಲಿಲ್ಲ. ಬಾಯಲ್ಲಿ ಹನಿ ನೀರಿಲ್ಲದೆ ಬಾಗಿಲು ಬಾಗಿಲಿಗೆ ನಿಂತು ಒಂದೇ ಮಾತು ಹೇಳಿದಳು — "ಉಂಡ್ಯಾಗ ದವಾಖಾನಿ ಗುಳಿಗಿ ಹಾಕೀನಿ, ನಿಮಗ ಹೇಳಲಾರ್ದ. ಮಕ್ಕಳು ತಿಂದ್ರ ಕೆಟ್ಟ. ವಾಪಸ್ ಕೊಡ್ರಿ."

ಕೆಲವರು ಬೈದರು. ಒಬ್ಬಳು ಡಬ್ಬಿಯನ್ನು ಅವಳ ಕಾಲ ಬಳಿ ಎಸೆದಳು. ಇನ್ನೊಬ್ಬ ಮುದುಕಿ ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತಳು — "ನಾ ಕೊಡಾಂಗಿಲ್ಲ. ಮೊಣಕಾಲು ನೋಯೋದು ನಿಂತಾದ." ಆಕೆ ಬಾಣಂತಿಯೇ ಅಲ್ಲ. ಸೊಸೆಯ ಉಂಡಿ ತಿಂದು ಕುಳಿತಿದ್ದಾಳೆ. ಮೆಹತಾಬ್ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬಿಡಿಸಿ ಹೇಳಿ, ಇಸಿದುಕೊಂಡೇ ಎದ್ದಳು.

ನರಸಪ್ಪನವರು ಬಂದಾಗ ಅಂಗಳದಲ್ಲಿ ಡಬ್ಬಿಗಳ ರಾಶಿ. ನಾನು ಬಾಯಿ ತೆರೆಯುವ ಮೊದಲೇ ಅವಳು ಎಲ್ಲ ಹೇಳಿ ಮುಗಿಸಿದಳು. ಅವರು ಪೆನ್ನಿನ ಟೊಪ್ಪಿಗೆ ಹಾಕಿದರು, ತೆಗೆದರು, ಮತ್ತೆ ಹಾಕಿದರು.

"ಮಾರೀದ್ಯೇನು?"

"ಇಲ್ರಿ. ಬಜಾರದ ಪೊಟ್ಟಣಕ್ಕ ಒಮ್ಮೀನೂ ಹಾಕಿಲ್ಲ. ಊರಾಗ ಅವರವರ ತುಪ್ಪ-ಬೆಲ್ಲ ತಂದಿದ್ರು, ಅವರಿಗಷ್ಟೇ ಕಟ್ಟಿಕೊಟ್ಟೀನಿ."

"ಮಾರಿದ್ರ ಇವತ್ತು ನಾ ಇಲ್ಲಿ ಚಹಾ ಕುಡೀತಿದ್ದಿಲ್ಲ ತಂಗಿ, ಕೇಸ್ ಬರೀತಿದ್ದೆ. ಲೈಸೆನ್ಸಿಗೆ ಈಗ ಬರ್ಯಾಂಗಿಲ್ಲ. ನವೆಂಬರದಾಗ ಮತ್ತ ಬರ್ತೀನಿ."

"ಮತ್ತ ಬರ್ತೀರೇನ್ರಿ?"

"ಬರಬ್ಯಾಡ ಅಂತೀಯೇನು?"

ಆಗ ಅತ್ತಳು. ಎರಡು ದಿನದಲ್ಲಿ ಮೊದಲ ಸಲ.

ಉಂಡಿಗಳನ್ನು ಹಿತ್ತಲ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿದೆವು. ಬಿಬಿಜಾನ್ ಮುಖ ತಿರುಗಿಸಿ ನಿಂತಳು. "ಇಷ್ಟು ತುಪ್ಪ ಮಣ್ಣಿಗಿ ಹಾಕೂದು ನನ್ನ ಜಿಂದಗ್ಯಾಗ ನೋಡಿಲ್ಲ, ಬೇಟಿ," ಎಂದಳು ನನಗೆ. ಆಮೇಲೆ ತಾನೇ ಒಂದು ಡಬ್ಬಿಯನ್ನು ಗುಂಡಿಯತ್ತ ನೂಕಿದಳು — "ಪೋರ ಬದುಕ್ಯಾನ. ಹಾಕ್ರಿ."

ಚೀಟಿಯ ಬಗ್ಗೆ ನಾನು ಜಗಳವಾಡಿದ್ದು ನೆನಪಾಗುತ್ತಿದೆ. ಒಳಗೇನಿದೆ ಎಂದು ಚೀಟಿ ಹೇಳಬೇಕಾದದ್ದು ನನಗಲ್ಲ, ಮೆಹತಾಬಳಿಗೂ ಅಲ್ಲ. ನಾವಿಬ್ಬರೂ ಇಲ್ಲದ ಮನೆಯಲ್ಲಿ, ಡಬ್ಬಿ ಇಳಿಸುವ ಮಗುವಿನ ತಾಯಿಗೆ.

ಡಾಕ್ಟರರಿಗೂ ಹೇಳಿದೆ — ನಾನು ಖಾಲಿ ಎಂದು ತಂದ ಡಬ್ಬಿ ಯಾರೂ ನುಂಗಿ ಖಾಲಿಯಾದದ್ದಲ್ಲ.

20 ಅಕ್ಟೋಬರ್, ರವಿವಾರ.

ಈದ್ ಕಳೆಯಿತು. ಮೆಹತಾಬ್ ಶೀರ್‌ಖುರ್ಮಾ ತಂದಳು. "ಇದರಾಗ ಬರೀ ಶಾವಿಗಿ, ಖಾರಿಕ, ಹಾಲು," ಎಂದು ತಾನಾಗಿ ಹೇಳಿದಳು. ನಗು ಮರಳಿದೆ.

ಹೇಳಬೇಕಾದ ಸುದ್ದಿ — ಗುಳಿಗೆ ಕೇಳಿಕೊಂಡು ಮೊದಲು ಬಂದವಳು ಭೀಮಮ್ಮ. ಮಾತು ಬಿಟ್ಟಿದ್ದವಳು ಅಂಗಳಕ್ಕೆ ಬಂದು ನಿಂತು, "ಉಂಡ್ಯಾಗಿಂದು ಗುಳಿಗಿನೇ ನನಗ ಎಬ್ಬಿಸಿ ಕೂಡ್ಸೇದ ಅಂತ ಡಾಕ್ಟರ್ ಅಂದ್ರು. ಹಂಗಾದ್ರ ಗುಳಿಗಿ ಬ್ಯಾರೆ ಕೊಡು, ಉಂಡಿ ಬ್ಯಾರೆ ಕೊಡು. ಗುಳಿಗಿ ನಾ ಮಾಡದ ಮ್ಯಾಲ ಇಡ್ತೀನಿ," ಎಂದಳಂತೆ. ಗೋಡೆಯ ಆ ಮಾಡ ಎಷ್ಟು ಎತ್ತರ, ಖಂಡ್ಯಾನ ಕೈಗೆ ಎಟಕುತ್ತದೆಯೇ ಎಂದು ಮೆಹತಾಬ್ ಹೋಗಿ ನೋಡಿ ಬಂದಿದ್ದಾಳೆ. ಭೀಮಮ್ಮನ ಹಿಂದೆ ಇನ್ನೂ ಕೆಲವರು ಗುಳಿಗೆ ಕೇಳಿ ಬಂದರು. ಎಲ್ಲರೂ ಅಲ್ಲ.

19 ನವೆಂಬರ್, ಮಂಗಳವಾರ.

ನರಸಪ್ಪನವರು ಮಾತಿನಂತೆ ಬಂದರು. ಉಂಡಿಯ ನಮೂನೆ ತೆಗೆದು ಮೂರು ಶೀಶೆಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಒಂದು ಪರೀಕ್ಷೆಗೆ, ಒಂದು ಅವರ ಬಳಿ, ಒಂದು ಮೆಹತಾಬಳಿಗೆ. ಆಮೇಲೆ ಜೇಬಿನಿಂದ ಉಂಡಿಯ ಬೆಲೆ ತೆಗೆದು ಕೊಟ್ಟರು. ಪುಕ್ಕಟೆ ಒಯ್ದರೆ ತಾನೇ ತಪ್ಪಿತಸ್ಥನಂತೆ.

"ಅಯ್ಯ, ಮೊದಲ ಗಿರಾಕಿ ಇನ್ಸ್‌ಪೆಕ್ಟರೇ ಬಂದ್ರಲ್ಲ," ಎಂದಳು ಸುಂದರಬಾಯಿ.

"ಗಿರಾಕಿನೇ ಖರೆ. ಆದ್ರ ತಿನ್ನೂಹಂಗಿಲ್ಲ, ನೋಡವಾ," ಎಂದರು ಅವರು. ಮುಖದಲ್ಲಿ ನಿಜವಾದ ಬೇಸರವಿತ್ತು.

17 ಡಿಸೆಂಬರ್, ಮಂಗಳವಾರ.

ಲೈಸೆನ್ಸ್ ನಿನ್ನೆ ಕೈಸೇರಿತು. 'ಮೆಹತಾಬ್, ಕುರಕುಂಟಾ.' ಬಿಬಿಜಾನ್ ಓದಲು ಬಾರದಿದ್ದರೂ ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಒಯ್ದಳು.

ನಾಳೆ ಸೇಡಂ ಬಜಾರಕ್ಕೆ ಮೊದಲ ಪೊಟ್ಟಣಗಳು. ವಾಡಿ ಸ್ಟೇಷನ್ನಿನ ಅಂಗಡಿಯವನೂ ಕೇಳಿದ್ದಾನೆ. ಈಗ ರೋಜಾ ಇಲ್ಲ. ಆದರೂ ರುಚಿ ನೋಡುವ ಕೆಲಸ ನನ್ನದೇ ಎಂದು ಹುಡುಗಿಯರು ಹಟ ಹಿಡಿದರು. ಉಂಡಿ ಕೈಗೆ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಖಂಡ್ಯಾ. ಅಂಗಿಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದ.

ಒಬ್ಬಳೇ ತಿನ್ನುವಂತಿಲ್ಲ. ಕೊಡಲು ಕೈ ಏಳಲಿಲ್ಲ. ಮೆಹತಾಬಳ ಮುಖ ನೋಡಿದೆ.

"ಕೊಡ್ರಿ ಅಕ್ಕೋರ. ದೊಡ್ಡ ತುಣುಕೇ ಕೊಡ್ರಿ."

ಮುರಿದೆ. ದೊಡ್ಡದು ಅವನಿಗೆ. ಇಬ್ಬರೂ ಅಗಿದೆವು, ಒಬ್ಬರನ್ನೊಬ್ಬರು ನೋಡುತ್ತ. ಬೆಲ್ಲ. ಕೊಬ್ಬರಿ. ಹಲ್ಲಿನಡಿ ಅಂಟು ಪುಡಿಯಾಯಿತು. ಆ ಕೊನೆಯ ರುಚಿಗಾಗಿ ಕಾದೆ. ಬರಲಿಲ್ಲ. ಅವನು ಅಂಗೈ ನೆಕ್ಕಿ ಮತ್ತೆ ಕೈ ಚಾಚಿದ, ಮೆಹತಾಬ್ ಒಲೆ ಬಿಟ್ಟು ಎದ್ದು ಬಂದು ತಾಟನ್ನೇ ಎತ್ತಿ ಅವನ ಮುಂದೆ ಇಟ್ಟಳು.