ಸ್ಥಳೀಯರಿಗೆ ಮಾತ್ರ

ಪುಟ್ಟಿಯ ಅಪ್ಪನಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಸರ್ಕಾರ ಕೊನೆಗೂ ನಮ್ಮ ರಸ್ತೆಗೂ ಸೇತುವೆಗೂ ಹಣ ಕೊಟ್ಟಿದೆ. ಎರಡು ವರ್ಷದ ಕೆಲಸ, ಸ್ಥಳೀಯರಿಗೆ ಮಾತ್ರ. ನಿಮ್ಮನ್ನು ಕೇಳದೆ, ರೋಲರ್ ಓಡಿಸುವ ಕೆಲಸಕ್ಕೆ ನಿಮ್ಮ ಹೆಸರಲ್ಲಿ ಅರ್ಜಿ ಕೊಟ್ಟುಬಿಟ್ಟೆ. ತಪ್ಪಾಯಿತು.

ಪಂಚಾಯಿತಿ ಗುಮಾಸ್ತರು ಊರವರ ಪಟ್ಟಿ ನೋಡಿ, "ಒಂಬತ್ತು ವರ್ಷದಿಂದ ಊರಲ್ಲೇ ಇಲ್ವಲ್ಲಮ್ಮ, ಇವರು ಸ್ಥಳೀಯರಲ್ಲ" ಅಂದರು.

"ಮನೆ ಇಲ್ಲಿದೆ, ಹೆಂಡ್ತಿ ಮಗಳು ಇಲ್ಲಿದೀವಿ, ಇನ್ನೇನ್ ಬೇಕು?"

"ಆಸಾಮಿ ಬೇಕಲ್ಲ!"

ನನಗೂ ನಗು ಬಂತು. ಹೊರಗೆ ಬಂದ ಮೇಲೆ ನಿಂತುಹೋಯಿತು.

ಆದರೆ ನನ್ನನ್ನು ಸೇರಿಸಿಕೊಂಡರು. ಕೆಂಪು, ಹಸಿರು ಬಾವುಟ ಹಿಡಿದು ವಾಹನ ತಡೆಯುವ, ಬಿಡುವ ಕೆಲಸ. ಮೊದಲ ದಿನ ಗಾಬರಿಯಲ್ಲಿ ಎರಡನ್ನೂ ಒಟ್ಟಿಗೆ ಎತ್ತಿದೆ. ಲಾರಿಯವನು ತಲೆ ಹೊರಗೆ ಹಾಕಿ, "ಅಕ್ಕಾ, ಬರ್ಲೋ, ಇಲ್ಲೇ ಇರ್ಲೋ?" ಅಂದ. ಇಷ್ಟು ವರ್ಷ ನಿಮಗೆ ಬರೆದ ಪತ್ರಗಳೂ ಹಾಗೆಯೇ ಇದ್ದವೇನೋ.

ಈಗ ಸ್ಪಷ್ಟವಾಗಿ ಬರೆಯುತ್ತೇನೆ: ಬನ್ನಿ. ಆರು ತಿಂಗಳು ಇಲ್ಲಿದ್ದರೆ ನೀವೂ ಸ್ಥಳೀಯರು. ಅಷ್ಟರಲ್ಲಿ ಎರಡನೆಯ ರೋಲರ್ ಬರುತ್ತದಂತೆ. ಅಲ್ಲಿಯವರೆಗೆ ನನ್ನ ದುಡಿಮೆಯಲ್ಲಿ ಕೂತು ಉಂಡರೆ ನಿಮಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಬಲ್ಲೆ. ಕೂರಬೇಡಿ. ಹಿತ್ತಲ ಬಾಗಿಲು ನೆಲಕ್ಕೆ ಉಜ್ಜುತ್ತಿದೆ, ಪುಟ್ಟಿಗೆ ಭಾಗಾಕಾರ ಹೇಳಿಕೊಡುವವರಿಲ್ಲ.

ಹೊಸ ಅರ್ಜಿ ತಂದು ತುಂಬಿಸಿಟ್ಟಿದ್ದೇನೆ. "ಬಂದು ನೆಲೆಸಿದ ದಿನಾಂಕ" ಎಂಬ ಒಂದು ಜಾಗ ಮಾತ್ರ ಬಿಟ್ಟಿದ್ದೇನೆ. ಅದನ್ನು ಅರ್ಜಿದಾರರೇ ತಮ್ಮ ಕೈಯಾರೆ ಬರೆಯಬೇಕಂತೆ.

ಇಲ್ಲಿಂದ,
ಪುಟ್ಟಿಯ ಅಮ್ಮ